ವಾಟಕಿ: ಬಟ್ಟಲಿನೊಳಗೆ ಎಷ್ಟೊಂದು ಅರ್ಥ!

ಚಹಾಕ್ಕೆ ನೀರಿಟ್ಟ ಮೇಲೆ ಸಕ್ಕರೆ ಇಲ್ಲ ಅಂತ ಗೊತ್ತಾದರೆ ಏನ್ಮಾಡ್ತೀರಿ? ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗ್ತೀರಿ. ಗುಜರಾತಿಗಳು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ: ‘ವಾಟಕಿ ವ್ಯವಹಾರ್’.

ವಾಟಕಿ ಅಂದರೆ ಸಣ್ಣ ಬಟ್ಟಲು. ‘ವಾಡಕಿ’ ಎಂದೂ ಹೇಳುವುದುಂಟು, ದೊಡ್ಡದಾದರೆ ‘ವಾಟಕೋ’. ನಮ್ಮ ಉತ್ತರ ಕರ್ನಾಟಕದ ‘ವಾಟಿ’ ಇದರ ನೆಂಟನೇ. ಅಡುಗೆಮನೆಯಲ್ಲಿ ಈ ಪದ ಅಳತೆಯೂ ಹೌದು: ಒಂದು ವಾಟಕಿ ಕಡಲೆಹಿಟ್ಟು, ಅರ್ಧ ವಾಟಕಿ ಮೊಸರು.

ಆದರೆ ‘ವ್ಯವಹಾರ’ ಎಂಬಲ್ಲಿ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ ಆ ಮಾತು ಕೇಳಿದ ಕೂಡಲೇ ದುಡ್ಡು, ಲೇವಾದೇವಿ ನೆನಪಾಗುತ್ತದೆ. ಗುಜರಾತಿನಲ್ಲಿ ವ್ಯಾಪಾರಕ್ಕೆ ‘ಧಂಧೋ’ ಇದೆ. ‘ವ್ಯವಹಾರ್’ ಅಥವಾ ಆಡುಮಾತಿನ ‘ವಹೇವಾರ್’ ಅಂದರೆ ಹೆಚ್ಚಾಗಿ ಹೋಗಿಬರುವ ಸಂಬಂಧ, ಮದುವೆ ಮುಂಜಿಯಲ್ಲಿ ಕೊಟ್ಟು ತೆಗೆದುಕೊಳ್ಳುವ ರೂಢಿ. ಹಾಗಾಗಿ ‘ಅವರಿಗೂ ನಮಗೂ ವಾಟಕಿ ವ್ಯವಹಾರ ಇದೆ’ ಅಂದರೆ ಸಂಕೋಚವಿಲ್ಲದೆ ಕೇಳುವಷ್ಟು ಆಪ್ತರು ಎಂದರ್ಥ. ಇದೇ ಮಾತನ್ನು ವ್ಯಂಗ್ಯಕ್ಕೂ ಬಳಸುತ್ತಾರೆ: ನೀನು ನನ್ನನ್ನು ಹೊಗಳು, ನಾನು ನಿನ್ನನ್ನು ಹೊಗಳ್ತೀನಿ ಎಂಬ ಒಳ ಒಪ್ಪಂದವೂ ವಾಟಕಿ ವ್ಯವಹಾರವೇ.

ಈ ನುಡಿ ಬದುಕಬೇಕಾದರೆ ಬಾಗಿಲುಗಳು ಹತ್ತಿರ ಇರಬೇಕು. ಅಹಮದಾಬಾದಿನ ಹಳೇ ಪೇಟೆಯ ‘ಪೋಳ್’ಗಳಲ್ಲಿ ಮನೆಗೆ ಮನೆ ತಾಗಿಕೊಂಡಿದೆ, ಜಗಲಿಯಲ್ಲಿ, ಅಂದರೆ ‘ಓಟಲೋ’ ಮೇಲೆ ನಿಂತೇ ಬಟ್ಟಲು ದಾಟಿಸಬಹುದು. 2017ರಲ್ಲಿ ಯುನೆಸ್ಕೋ ಈ ಹಳೇ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ನಗರದಲ್ಲಿ ಇನ್ನೊಂದು ಮಾತೂ ಮನೆಮಾತಾಗಿದೆ: ‘ಅಶಾಂತ್ ಧಾರೋ’. ಇದು 1991ರ ಪ್ರಕ್ಷುಬ್ಧ ಪ್ರದೇಶ ಕಾಯ್ದೆ. ಅಹಮದಾಬಾದ್, ವಡೋದರಾ, ಸೂರತ್‌ಗಳ ಹಲವು ಬಡಾವಣೆಗಳಲ್ಲಿ ಮನೆ ಮಾರಲು ಕಲೆಕ್ಟರರ ಅನುಮತಿ ಬೇಕು. ಗಲಭೆಗೆ ಹೆದರಿ ಜನ ಸಿಕ್ಕಷ್ಟಕ್ಕೆ ಮನೆ ಮಾರಿ ಓಡಬಾರದು ಎಂಬುದು ಅದರ ಉದ್ದೇಶ. ಆದರೆ ಬೇರೆ ಧರ್ಮದವರು ನೆರೆಗೆ ಬರುವುದನ್ನೂ ಅದು ಕಷ್ಟ ಮಾಡಿದೆ ಎಂಬ ದೂರು ಹಳೆಯದು. 1973ರ ಸಾಬರಮತಿ ಪ್ರವಾಹದ ಸಂತ್ರಸ್ತರಿಗೆ ನೆಲೆ ಕೊಟ್ಟ ಜುಹಾಪುರ, ಗಲಭೆಗಳ ನಂತರ, ಅದರಲ್ಲೂ 2002ರ ಬಳಿಕ, ಮುಸ್ಲಿಮರ ದೊಡ್ಡ ಬಡಾವಣೆಯಾಗಿ ಬೆಳೆಯಿತು.

ಅಲ್ಲಿಯೂ ವಾಟಕಿ ಓಡಾಡುತ್ತದೆ ನಿಜ. ಆದರೆ ಈದ್‌ನ ಶೀರ್ ಖುರ್ಮಾ ಹೋದ ಬಟ್ಟಲಿನಲ್ಲಿ ದೀಪಾವಳಿಯ ಮಠಿಯಾ ಬರಬೇಕಾದರೆ ಎರಡೂ ಮನೆಗಳು ಒಂದೇ ಓಣಿಯಲ್ಲಿರಬೇಕಲ್ಲವೇ? ನಿಮ್ಮ ಓಣಿಯಲ್ಲಿ ಬಟ್ಟಲು ಎಷ್ಟು ಮನೆ ದಾಟುತ್ತದೆ, ಒಮ್ಮೆ ಎಣಿಸಿ ನೋಡಿ.