ಲಾರಿಯ ಎಂಜಿನಿನ ಉಸಿರುಗೊಳವೆ

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿಯು ಹೊಸಪೇಟೆಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿರುವ ಊರು. ಇದರ ಸುತ್ತಣ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಮೆಕ್ಕೆಜೋಳ, ಶೇಂಗಾ, ಈರುಳ್ಳಿಗಳು ಪೇಟೆಯನ್ನು ಸೇರುವುದು ಬಹುಮಟ್ಟಿಗೆ ಲಾರಿಗಳಿಂದ. ಮೂಡಲಿನ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಸಹ ಬಹುಕಾಲ ಲಾರಿಗಳನ್ನೇ ಆಶ್ರಯಿಸಿತು. ಇಂಥ ಸೀಮೆಯಲ್ಲಿ ಒಂದು ಲಾರಿಯೆಂದರೆ ಅನೇಕ ವೇಳೆ ಒಂದು ಕುಟುಂಬದ ಮೂಲಧನವೇ ಸರಿ. ಆ ಲಾರಿಯ ಎಂಜಿನಿನ ಪಕ್ಕದಲ್ಲಿ ನೆಲದ ಕಡೆಗೆ ಬಾಗಿರುವ ಒಂದು ಸಣ್ಣ ಕೊಳವೆಯುಂಟು. ಅದರಿಂದ ಹೊಗೆಯು ಹೆಚ್ಚಾಗಿ ಬಂದರೆ, 'ಬ್ಯಾಕ್ ಕಂಪ್ರೆಷನ್ ಬಂದಿದೆ, ಎಂಜಿನ್ ಬಿಚ್ಚಬೇಕು' ಎಂಬ ತೀರ್ಪು ಗ್ಯಾರೇಜಿನಲ್ಲಿ ಒಡನೆಯೇ ಹೊರಡುವುದುಂಟು. ಆ ತೀರ್ಪು ಎಲ್ಲಿ ಸತ್ಯ, ಎಲ್ಲಿ ಸತ್ಯವಲ್ಲ ಎಂಬುದು ವಿಚಾರಾರ್ಹವಾದುದು. ಏಕೆಂದರೆ ತಪ್ಪು ತೀರ್ಪಿನ ಬೆಲೆಯನ್ನು ತೆರುವವನು ಲಾರಿಯ ಒಡೆಯನು.

ಮೊದಲು ಆ ಹೊಗೆಯ ಮೂಲವನ್ನು ತಿಳಿಯತಕ್ಕದ್ದು. ಡೀಸೆಲ್ ಎಂಜಿನಿನಲ್ಲಿ ಪಿಸ್ಟನ್ನು ಗಾಳಿಯನ್ನು ಒತ್ತಿ ಕಾಯಿಸುವುದು. ಆ ಶಾಖದಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಆಗ ಉಂಟಾಗುವ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಅರುವತ್ತು ಎಪ್ಪತ್ತು ಪಟ್ಟನ್ನೂ ಮೀರಬಹುದು. ಈ ಒತ್ತಡವನ್ನು ತಡೆಯುವವು ಪಿಸ್ಟನ್ನಿನ ಸುತ್ತ ಕುಳಿತಿರುವ ರಿಂಗುಗಳು. ರಿಂಗು ಪೂರ್ಣವೃತ್ತವಲ್ಲ, ಬಿಸಿಯಾದಾಗ ಹಿಗ್ಗಲು ಎಡೆಯಿರಲೆಂದು ಅದರ ಎರಡು ತುದಿಗಳ ನಡುವೆ ಕೂದಲೆಳೆಯಂಥ ಸಂದನ್ನು ಬಿಟ್ಟಿರುತ್ತಾರೆ. ಆ ಸಂದಿನಿಂದಲೂ ರಿಂಗಿನ ಅಂಚುಗಳಿಂದಲೂ ಸ್ವಲ್ಪ ಅನಿಲವು ಕೆಳಗಣ ಕ್ರ್ಯಾಂಕ್ ಕೇಸಿಗೆ ಜಾರುವುದು. ಆದುದರಿಂದ ಈ ಸೋರಿಕೆಯು ರೋಗವಲ್ಲ, ಯಂತ್ರದ ಸ್ವಭಾವ. ಹೊಚ್ಚ ಹೊಸ ಎಂಜಿನಿನಲ್ಲಿಯೂ ಅದು ಇದ್ದೇ ಇರುವುದು.

ಇದರ ಪ್ರಮಾಣವನ್ನು ಒಂದು ಲೆಕ್ಕದಿಂದ ಊಹಿಸಬಹುದು. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಟಾಟಾ ೬೯೭ ಎಂಬ ಎಂಜಿನಿಗೆ ಆ ಹೆಸರು ಬಂದುದು ಆರು ಸಿಲಿಂಡರು, ೯೭ ಮಿಲಿಮೀಟರ್ ಬೋರು ಎಂಬುದರಿಂದ. ಅದರ ಪಿಸ್ಟನ್ನಿನ ಓಟ ೧೨೮ ಮಿಲಿಮೀಟರ್. ಆರು ಸಿಲಿಂಡರುಗಳು ಕೂಡಿ ಸುಮಾರು ೫.೬೭ ಲೀಟರ್. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರು ಗಾಳಿಯನ್ನು ಸೆಳೆಯುವುದರಿಂದ, ನಿಮಿಷಕ್ಕೆ ೨೪೦೦ ಸುತ್ತಿನಲ್ಲಿ ಎಂಜಿನಿನೊಳಕ್ಕೆ ಸುಮಾರು ೬೮೦೦ ಲೀಟರ್ ಗಾಳಿ ಹೋಗಲು ಎಡೆಯಿದೆ. ಅದರಲ್ಲಿ ನೂರಕ್ಕೊಂದು ಪಾಲು ಮಾತ್ರ ಸೋರಿತೆಂದಿಟ್ಟುಕೊಂಡರೂ ನಿಮಿಷಕ್ಕೆ ೬೮ ಲೀಟರ್ ಅನಿಲವು ಕ್ರ್ಯಾಂಕ್ ಕೇಸಿಗೆ ಇಳಿಯುವುದು. ಇಷ್ಟಕ್ಕೂ ಹೊರಗೆ ಹೋಗಲು ದಾರಿ ಬೇಕು. ಆ ದಾರಿಯೇ ಬ್ರೀದರ್, ಎಂದರೆ ಉಸಿರುಗೊಳವೆ.

ಈ ಕೊಳವೆಯ ಬಾಯಿಂದ ಎಣ್ಣೆ ತೊಟ್ಟಿಕ್ಕುವುದನ್ನು ಕಂಡು ಕೆಲವರು ಅದಕ್ಕೆ ಬಟ್ಟೆ ತುರುಕುವುದುಂಟು. ಇದಕ್ಕಿಂತ ದೊಡ್ಡ ಪ್ರಮಾದವಿಲ್ಲ. ಹೊರದಾರಿ ಮುಚ್ಚಿದರೆ ಒಳಗಣ ಒತ್ತಡವು ಬೇರೆ ದಾರಿಯನ್ನು ಹುಡುಕುವುದು. ಕ್ರ್ಯಾಂಕಿನ ಹಿಂದಣ ಆಯಿಲ್ ಸೀಲು ಸೋರುವುದು. ಆಯಿಲ್ ನೋಡುವ ಗೇಜು ಕಡ್ಡಿ ಮೇಲಕ್ಕೆ ಎದ್ದು ನಿಲ್ಲುವುದು. ಟರ್ಬೊ ಇರುವ ಎಂಜಿನಿನಲ್ಲಿ ಅದರ ಆಯಿಲು ಕೆಳಗಿಳಿಯಲಾರದೆ ಗಾಳಿಯ ಕಡೆಗೋ ಹೊಗೆಯ ಕಡೆಗೋ ಹರಿಯುವುದು. ಯಾರೂ ಮುಚ್ಚದಿದ್ದರೂ, ಉಸಿರುಗೊಳವೆಯಲ್ಲಿರುವ ತಂತಿಯ ಜಾಲರಿಯು ಕರಿ ಮತ್ತು ಧೂಳುಗಳಿಂದ ಕಟ್ಟಿಕೊಂಡರೆ ಫಲವು ಒಂದೇ. ಸೀಲನ್ನು ಎರಡು ಸಲ ಬದಲಿಸಿದರೂ ಸೋರಿಕೆ ನಿಲ್ಲದಿದ್ದರೆ ದೋಷವು ಸೀಲಿನಲ್ಲಿ ಇಲ್ಲದಿರಬಹುದು. ಮೊದಲು ಉಸಿರುಗೊಳವೆಯನ್ನು ತೆಗೆದು ತೊಳೆದು ನೋಡತಕ್ಕದ್ದು.

ಇನ್ನು ಹೊಗೆಯಿಂದ ರೋಗವನ್ನು ಊಹಿಸುವ ವಿಷಯ. ಪರ್ವತದಲ್ಲಿ ಧೂಮವನ್ನು ಕಂಡು ಅಗ್ನಿಯನ್ನು ಅನುಮಾನಿಸುವುದು ನ್ಯಾಯಶಾಸ್ತ್ರದ ಪ್ರಸಿದ್ಧವಾದ ಉದಾಹರಣೆ. ಧೂಮವು ಅಗ್ನಿಯನ್ನು ಬಿಟ್ಟು ಎಲ್ಲಿಯೂ ಇರದ ಕಾರಣ ಅಲ್ಲಿ ಹೇತುವು ನಿರ್ದುಷ್ಟವಾಗಿದೆ. ಆದರೆ ಉಸಿರುಗೊಳವೆಯ ಹೊಗೆಯಿಂದ ರಿಂಗು ಸವೆದಿದೆಯೆಂದು ಸಾಧಿಸುವಾಗ ಹೇತುವು ವ್ಯಭಿಚರಿತವಾಗುವುದು. ರಿಂಗು ಸರಿಯಿದ್ದಾಗಲೂ ಆ ಹೊಗೆ ಬೇರೆ ಕಾರಣಗಳಿಂದ ಬರಬಲ್ಲುದು. ಆದುದರಿಂದ ಆ ಕಾರಣಗಳನ್ನು ಒಂದೊಂದಾಗಿ ಪರಿಹರಿಸಿದ ಮೇಲೆಯೇ ಎಂಜಿನನ್ನು ಬಿಚ್ಚುವುದು ಯುಕ್ತ.

ಅಂಥ ಕಾರಣಗಳಲ್ಲಿ ಮೊದಲನೆಯದು ಏರ್ ಬ್ರೇಕಿನ ಕಂಪ್ರೆಸರು. ಅನೇಕ ಲಾರಿಗಳಲ್ಲಿ ಅದಕ್ಕೆ ಎಂಜಿನಿನ ಆಯಿಲೇ ಹೋಗಿ ಮರಳಿ ಕ್ರ್ಯಾಂಕ್ ಕೇಸಿಗೆ ಇಳಿಯುವುದು. ಕಂಪ್ರೆಸರಿನ ಸ್ವಂತ ರಿಂಗುಗಳು ಸವೆದಿದ್ದರೆ ಅದು ಒತ್ತಿದ ಗಾಳಿಯೂ ಅದೇ ದಾರಿಯಿಂದ ಇಳಿಯುವುದು. ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕಂಪ್ರೆಸರಿನಿಂದ ಟ್ಯಾಂಕಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಎಂಜಿನನ್ನು ಮತ್ತೆ ನಡೆಸಿ ನೋಡಿದಾಗ ಹೊಗೆಯು ತಗ್ಗಿದರೆ ದೋಷವು ಅಲ್ಲಿಯದು. ಎರಡನೆಯದು ಟರ್ಬೊ, ಅದರ ಸೀಲು ಸವೆದರೆ ಒತ್ತಡದ ಅನಿಲವು ಆಯಿಲ್ ಮರಳುವ ಕೊಳವೆಯಿಂದ ಕೆಳಗಿಳಿಯುವುದು. ಆ ಕೊಳವೆಯನ್ನು ಅಲ್ಪಕಾಲ ಬೇರೊಂದು ಪಾತ್ರೆಗೆ ಹರಿಸಿ ಪರೀಕ್ಷಿಸಬಹುದು. ಮೂರನೆಯದು ವಾಲ್ವ್ ಗೈಡುಗಳ ಸವೆತ.

ಇವೆಲ್ಲವೂ ಸರಿಯಿದ್ದರೆ ಸಿಲಿಂಡರುಗಳ ಸರದಿ. ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಎರಡು ವಾಲ್ವುಗಳೂ ಮುಚ್ಚಿರುವಾಗ ಒಳಕ್ಕೆ ಒತ್ತಿದ ಗಾಳಿಯನ್ನು ಬಿಡಬೇಕು. ಗಾಳಿಯ ಶಬ್ದವು ಸೈಲೆನ್ಸರಿನಲ್ಲಿ ಕೇಳಿಸಿದರೆ ವಾಲ್ವಿನ ದೋಷ. ಆಯಿಲ್ ಹಾಕುವ ಬಾಯಲ್ಲಿ ಗಟ್ಟಿಯಾಗಿ ಕೇಳಿಸಿದರೆ ರಿಂಗಿನ ಅಥವಾ ಲೈನರಿನ ದೋಷ. ಒಂದೇ ಸಿಲಿಂಡರು ಕೆಟ್ಟಿದ್ದರೆ ರಿಂಗು ಮುರಿದಿರಬಹುದು ಅಥವಾ ಹಿಡಿದುಕೊಂಡಿರಬಹುದು. ಆರೂ ಸಮನಾಗಿ ಕೆಟ್ಟಿದ್ದರೆ ಸವೆತವೆಂದು ತಿಳಿಯಬೇಕು. ಆಯಿಲ್ ಕ್ಯಾಪನ್ನು ಬೋರಲು ಹಾಕಿ ಅದು ಕುಣಿಯುವುದನ್ನು ನೋಡುವ ರೂಢಿಯ ಪರೀಕ್ಷೆಯು ಸೂಚನೆ ಮಾತ್ರ, ಪ್ರಮಾಣವಲ್ಲ. ಗೊತ್ತಾದ ಅಳತೆಯ ರಂಧ್ರದ ಮೂಲಕ ಅನಿಲವನ್ನು ಬಿಟ್ಟು, ನೀರು ತುಂಬಿದ ಬಾಗುಗೊಳವೆಯಲ್ಲಿ ನೀರು ಎಷ್ಟು ಏರಿತೆಂದು ಅಳೆದು, ತಯಾರಕರು ಕೊಟ್ಟ ಮಿತಿಯೊಡನೆ ಹೋಲಿಸುವುದೇ ಸರಿಯಾದ ಕ್ರಮ. ಆ ಅಳತೆಯನ್ನು ಕಾಲಕಾಲಕ್ಕೆ ಬರೆದಿಟ್ಟವನಿಗೆ ಸವೆತದ ಗತಿಯೂ ತಿಳಿಯುವುದು.

ಸವೆತಕ್ಕೆ ಈ ಸೀಮೆಯಲ್ಲಿ ವಿಶೇಷ ಕಾರಣವಿದೆ, ಅದು ಧೂಳು. ಮರಳಿನ ಕಣವು ಲೈನರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಅದಿರಿನ ಕೆಂಧೂಳೂ ಮೃದುವಲ್ಲ. ಏರ್ ಫಿಲ್ಟರು ಹರಿದಿದ್ದರೆ, ಅಥವಾ ಅದರಾಚೆಯ ರಬ್ಬರ್ ಕೊಳವೆ ಸೀಳಿದ್ದರೆ, ಆ ಧೂಳು ರಿಂಗು ಲೈನರುಗಳ ನಡುವೆ ಅರಗಲ್ಲಿನ ಪುಡಿಯಂತೆ ಕೆಲಸ ಮಾಡುವುದು. ಓಡದೆ ನಿಂತ ಎಂಜಿನಿಗೂ ಹಾನಿಯುಂಟು. ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲಾರಿಗಳು ಸಾಲಾಗಿ ನಿಂತವು. ಹೀಗೆ ಬಹುಕಾಲ ನಿಂತ ಎಂಜಿನಿನ ಲೈನರು ತುಕ್ಕು ಹಿಡಿಯಬಹುದು, ರಿಂಗು ಅಂಟಿಕೊಳ್ಳಬಹುದು. ಅಂಥ ಲಾರಿಯನ್ನು ಕೊಳ್ಳುವವನು ಮೊದಲು ನೋಡತಕ್ಕದ್ದು ಉಸಿರುಗೊಳವೆಯನ್ನು.

ಹಳೆಯ ಲಾರಿಗಳಲ್ಲಿ ಈ ಕೊಳವೆ ಬಯಲಿಗೆ ತೆರೆದಿರುವುದು. ಅದರ ಹೊಗೆಯಲ್ಲಿ ಆಯಿಲಿನ ಮಂಜು, ಮಸಿ, ಅರ್ಧ ಬೆಂದ ಎಣ್ಣೆಯ ಅಂಶಗಳಿರುವುದರಿಂದ ಚಾಲಕನ ಆರೋಗ್ಯಕ್ಕೂ ಅದು ಹಿತವಲ್ಲ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ನಿಯಮದಲ್ಲಿ ಈ ಅನಿಲವೂ ಲೆಕ್ಕಕ್ಕೆ ಬರುವುದು. ಅನೇಕ ಹೊಸ ಎಂಜಿನುಗಳಲ್ಲಿ ಅದರ ಆಯಿಲನ್ನು ಒಂದು ಶೋಧಕದಲ್ಲಿ ಬೇರ್ಪಡಿಸಿ, ಅನಿಲವನ್ನು ಮತ್ತೆ ಎಂಜಿನಿನ ಗಾಳಿಯ ದಾರಿಗೇ ಕೂಡಿಸುತ್ತಾರೆ. ಇದನ್ನು ಕಂಡು ಹಳೆಯ ಲಾರಿಯ ಕೊಳವೆಯನ್ನು ಶೋಧಕವಿಲ್ಲದೆ ಏರ್ ಫಿಲ್ಟರಿನ ಕಡೆಗೆ ತಿರುಗಿಸುವುದು ಅಪಾಯಕರ. ಸೋರಿಕೆ ಹೆಚ್ಚಾಗಿದ್ದಲ್ಲಿ ಎಂಜಿನು ತನ್ನ ಆಯಿಲನ್ನೇ ಸೆಳೆದು ಸುಡತೊಡಗುವುದು; ಆಗ ಡೀಸೆಲನ್ನು ನಿಲ್ಲಿಸಿದರೂ ಅದು ನಿಲ್ಲದೆ, ವೇಗವು ಮಿತಿಮೀರಿ ಒಡೆದುಹೋಗುವ ಸಂಭವವಿದೆ. ಹಾಗಾದಾಗ ಗಾಳಿಯ ದಾರಿಯನ್ನು ಮುಚ್ಚುವುದೊಂದೇ ಉಪಾಯ. ಅದನ್ನೂ ಬರಿಗೈಯಿಂದ ಮಾಡಬಾರದು.

ಒಟ್ಟಿನಲ್ಲಿ ಉಸಿರುಗೊಳವೆಯ ಹೊಗೆಯು ಲಕ್ಷಣ, ರೋಗವಲ್ಲ. ಲಕ್ಷಣವನ್ನು ಮುಚ್ಚುವವನು ರೋಗವನ್ನು ಬೆಳೆಸುವನು. ಲಕ್ಷಣವನ್ನೇ ರೋಗವೆಂದು ಬಗೆದವನು ಆರೋಗ್ಯದ ಅಂಗವನ್ನು ಕೊಯ್ಯುವನು. ಮೊದಲು ಕೊಳವೆಯನ್ನು ಶುದ್ಧಿಮಾಡಿ, ಬಳಿಕ ಕಂಪ್ರೆಸರು ಟರ್ಬೊಗಳನ್ನು ಪರೀಕ್ಷಿಸಿ, ಅನಂತರ ಸಿಲಿಂಡರುಗಳನ್ನು ಒಂದೊಂದಾಗಿ ಕೇಳಿ, ಕೊನೆಯಲ್ಲಿ ಮಾತ್ರ ಎಂಜಿನನ್ನು ಬಿಚ್ಚುವುದು ಉಚಿತವಾದ ಕ್ರಮ. ಈ ಕ್ರಮಕ್ಕೆ ಹಿಡಿಯುವುದು ಅರ್ಧ ದಿನ. ಇದರಿಂದ ಉಳಿಯುವುದು ಒಂದು ಮನೆಯ ಎಷ್ಟೋ ತಿಂಗಳ ದುಡಿಮೆ.