ಮಡಿದವರ ಹೆಸರು ಕಾಯುವ ಹಳ್ಳಿಗಳು

ಇಂಗ್ಲೆಂಡಿನ ಬಹುಪಾಲು ಹಳ್ಳಿಗಳಲ್ಲಿ, ಚರ್ಚಿನ ಅಂಗಳದಲ್ಲೋ ಊರ ನಡುವಿನ ಹುಲ್ಲುಬಯಲಿನಲ್ಲೋ, ಒಂದು ಕಲ್ಲಿನ ಶಿಲುಬೆ ನಿಂತಿರುತ್ತದೆ. ಅದರ ಬುಡದಲ್ಲಿ 1914–1918 ಎಂಬ ಇಸವಿ, ಕೆಳಗೆ ಎಂಟೋ ಹತ್ತೋ ಇಪ್ಪತ್ತೋ ಹೆಸರು. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬಂದಿರುವುದೂ ಉಂಟು. ಅವರು ಅಣ್ಣತಮ್ಮಂದಿರೋ ದಾಯಾದಿಗಳೋ ಆಗಿರುತ್ತಾರೆ. ಉಳುಮೆ, ಕಮ್ಮಾರಿಕೆ, ಕುದುರೆ ಲಾಯದ ಕೆಲಸ ಬಿಟ್ಟು ಮೊದಲ ಮಹಾಯುದ್ಧಕ್ಕೆ ಹೋದ ಹುಡುಗರು ಇವರು. ಆ ಯುದ್ಧದಲ್ಲಿ ಬ್ರಿಟನ್ ಏಳು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅಲ್ಲಿನ ಹಳ್ಳಿಗಳು ಅವರನ್ನು ನೆನಪಿನಲ್ಲಿ ಉಳಿಸಿಕೊಂಡ ಬಗೆಯನ್ನು ಈ ಅಧ್ಯಾಯದಲ್ಲಿ ನೋಡೋಣ.

ಮನೆಗೆ ಬಾರದ ದೇಹ

ಯುದ್ಧದ ಮೊದಲ ತಿಂಗಳುಗಳಲ್ಲಿ ಕೆಲವು ಸಿರಿವಂತ ಕುಟುಂಬಗಳು ಸ್ವಂತ ಖರ್ಚಿನಲ್ಲಿ ಮಕ್ಕಳ ದೇಹಗಳನ್ನು ಊರಿಗೆ ತರಿಸಿಕೊಂಡವು. 1915ರಲ್ಲಿ ಇದಕ್ಕೆ ತಡೆ ಬಿತ್ತು. ಯುದ್ಧ ಮುಗಿದ ಮೇಲೂ ಆ ತಡೆ ತೆಗೆಯಲಿಲ್ಲ. ಜಮೀನ್ದಾರನ ಮಗನಾಗಲಿ ಕೂಲಿಯವನ ಮಗನಾಗಲಿ, ಬಿದ್ದ ನೆಲದಲ್ಲೇ ಮಣ್ಣಾಗಬೇಕು ಎಂಬುದು ನಿಯಮವಾಯಿತು. ಸಮಾಧಿಗಳ ಹೊಣೆ ಹೊತ್ತದ್ದು 1917ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ (ಇಂದಿನ ಕಾಮನ್‌ವೆಲ್ತ್) ಯುದ್ಧಸಮಾಧಿ ಆಯೋಗ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂದು ಅದು ತೀರ್ಮಾನಿಸಿತು. ಕಲ್ಲಿನ ಕೆಳಭಾಗದಲ್ಲಿ ಮನೆಯವರು ತಮ್ಮದೊಂದು ಮಾತು ಕೆತ್ತಿಸಬಹುದಿತ್ತು. ಅದು 66 ಅಕ್ಷರ ಮೀರುವಂತಿರಲಿಲ್ಲ. ಅಕ್ಷರವೊಂದಕ್ಕೆ ಮೂರೂವರೆ ಪೆನ್ಸ್ ಕೇಳಲಾಗುತ್ತಿತ್ತು. ಮುಂದೆ ಅದನ್ನು ಇಷ್ಟವಿದ್ದವರು ಕೊಟ್ಟರೆ ಸಾಕು ಎಂದಾಯಿತು. ಮಗನಿಗೆ ಹೇಳಬೇಕಾದ ಕೊನೆಯ ಮಾತನ್ನು ಅಕ್ಷರ ಎಣಿಸಿ ಬರೆದ ತಾಯಂದಿರು ಸಾವಿರಾರು ಮಂದಿ.

ಎಷ್ಟೋ ಜನರಿಗೆ ಸಮಾಧಿಯೂ ಸಿಗಲಿಲ್ಲ. ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕವೊಂದರಲ್ಲೇ ಹೀಗೆ ಕಾಣೆಯಾದ 72,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಕೂಲಿನಾಲಿ ಮಾಡಿ ಬದುಕುವ ಕುಟುಂಬಕ್ಕೆ ಕಡಲು ದಾಟಿ ಅಲ್ಲಿಗೆ ಹೋಗಿಬರುವುದು ಆಗದ ಮಾತು. ಅವರ ಕೈಗೆ ಬಂದದ್ದು ಒಂದು ಕಂಚಿನ ಬಿಲ್ಲೆ. ಅಂಗೈ ಅಗಲದ, ಸುಮಾರು 12 ಸೆಂಟಿಮೀಟರಿನ ಆ ಬಿಲ್ಲೆಯ ಮೇಲೆ ಸತ್ತವನ ಹೆಸರಿರುತ್ತಿತ್ತು, ಹುದ್ದೆ ನಮೂದಿಸುತ್ತಿರಲಿಲ್ಲ. ಇಂಥ 13 ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಜನ ಅದನ್ನು ‘ಸತ್ತವನ ಪೆನ್ನಿ’ ಎಂದು ಕರೆದರು. ಬಿಲ್ಲೆ ಮನೆಯೊಳಗೆ ಉಳಿಯಿತು. ಹೂವಿಡಲು, ನಾಲ್ಕು ಜನರೊಂದಿಗೆ ನಿಂತು ಅಳಲು ಒಂದು ಜಾಗ ಬೇಕಿತ್ತು. ಊರಿನ ಕಲ್ಲು ಹುಟ್ಟಿದ್ದು ಆ ಅಗತ್ಯದಿಂದ.

ಊರವರೇ ಕೂಡಿ ನಿಲ್ಲಿಸಿದ ಕಲ್ಲು

ಈ ಸ್ಮಾರಕಗಳನ್ನು ಕಟ್ಟಿಸಿದ್ದು ಸರ್ಕಾರವಲ್ಲ. ಯುದ್ಧ ಮುಗಿಯುತ್ತಿದ್ದಂತೆ ಊರೂರಿನಲ್ಲಿ ಸಮಿತಿಗಳಾದವು. ಪಾದ್ರಿ, ಶಾಲೆಯ ಮೇಷ್ಟ್ರು, ಜಮೀನ್ದಾರ, ಯುದ್ಧದಿಂದ ಮರಳಿದ ಸೈನಿಕರು ಕೂತು ಮಾತಾಡಿದರು. ಚಂದಾ ಎತ್ತಿದರು, ಉಳ್ಳವರು ಪೌಂಡುಗಳಲ್ಲಿ ಕೊಟ್ಟರೆ ಇಲ್ಲದವರು ಪೆನ್ನಿಗಳಲ್ಲಿ ಕೊಟ್ಟರು.

ಏನು ಕಟ್ಟಬೇಕು ಎಂಬುದರ ಮೇಲೆ ಬಿಸಿ ಚರ್ಚೆಗಳಾದವು. ಬದುಕಿರುವವರಿಗೆ ಉಪಯೋಗವಾಗುವಂಥದ್ದು ಬೇಕು ಎಂದವರು ಸಭಾಭವನ, ಗಡಿಯಾರ, ಆಟದ ಬಯಲು ಕೇಳಿದರು. ಸತ್ತವರ ಹೆಸರಿನಲ್ಲಿ ನಮ್ಮ ಅನುಕೂಲ ನೋಡಿಕೊಳ್ಳುವುದು ಸಲ್ಲ ಎಂದವರು ಶಿಲುಬೆ ಕೇಳಿದರು. ಎರಡೂ ಬಗೆಯ ಸ್ಮಾರಕಗಳು ಇಂದಿಗೂ ಉಳಿದಿವೆ.

ಹೆಸರುಗಳ ವಿಚಾರ ಇನ್ನೂ ಸೂಕ್ಷ್ಮವಾಗಿತ್ತು. ಕೆಲವೆಡೆ ಹುದ್ದೆಯ ಪ್ರಕಾರ ಬರೆದರು. ಬಹಳ ಊರುಗಳು ಅಕಾರಾದಿಯನ್ನು ಆರಿಸಿಕೊಂಡವು. ಹಾಗಾದಾಗ ಜಮೀನ್ದಾರನ ಮಗ ಅವನ ತೋಟದ ಮಾಲಿಯ ಕೆಳಗೆ ಬರಬಹುದಿತ್ತು. ಮಗ ಕಾಣೆಯಾಗಿದ್ದಾನೆ, ಇಂದಲ್ಲ ನಾಳೆ ಬಂದಾನು ಎಂದು ಹೆಸರು ಕೆತ್ತಲು ಒಪ್ಪದ ತಂದೆತಾಯಿಯರಿದ್ದರು. ರಣರಂಗ ಬಿಟ್ಟು ಹೋದ, ಹೇಡಿತನ ತೋರಿದ ಎಂಬ ಆರೋಪಗಳ ಮೇಲೆ ಸೈನ್ಯವೇ ಗುಂಡಿಟ್ಟು ಕೊಂದ ಸೈನಿಕರ ಹೆಸರನ್ನು ಎಷ್ಟೋ ಊರುಗಳು ಕೈಬಿಟ್ಟವು. ಅಂಥ 306 ಜನರಿಗೆ ಸರ್ಕಾರ ಕ್ಷಮೆ ನೀಡಿದ್ದು 2006ರಲ್ಲಿ. ಆ ಹೊತ್ತಿಗಾಗಲೇ ಅವರ ತಾಯಂದಿರು ತೀರಿಹೋಗಿದ್ದರು.

ಕಲ್ಲಿನ ಮೇಲಿನ ಪರದೆ ಸರಿಸಲು ಕೆಲವೆಡೆ ಸೇನಾಧಿಕಾರಿಗಳನ್ನು ಕರೆದರು. ಇನ್ನು ಕೆಲವು ಊರುಗಳು ಆ ಗೌರವವನ್ನು ಮಗನನ್ನು ಕಳೆದುಕೊಂಡ ತಾಯಿಗೇ ಕೊಟ್ಟವು.

ಹೆಸರು ಓದುವ ದಿನ

1918ರ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ ಪಶ್ಚಿಮ ರಂಗದಲ್ಲಿ ಗುಂಡಿನ ಸದ್ದು ನಿಂತಿತು. ಮರುವರ್ಷ ಅದೇ ಹೊತ್ತಿಗೆ ಎರಡು ನಿಮಿಷದ ಮೌನ ಆಚರಿಸಿದರು. ಈಗ ನವೆಂಬರಿನ ಎರಡನೆಯ ಭಾನುವಾರ ಹಳ್ಳಿಯವರು ಕಲ್ಲಿನ ಸುತ್ತ ಸೇರುತ್ತಾರೆ. ಕೆಂಪು ಪಾಪಿ ಹೂವಿನ ಹಾರ ಇಡುತ್ತಾರೆ, ಕಹಳೆ ಊದುತ್ತಾರೆ, ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ಎರಡನೆಯ ಮಹಾಯುದ್ಧದ ಬಳಿಕ ಹೊಸ ಕಲ್ಲು ನಿಲ್ಲಿಸದೆ ಹಳೆಯದರಲ್ಲೇ ಇನ್ನಷ್ಟು ಹೆಸರು ಕೆತ್ತಿದ ಊರುಗಳೇ ಹೆಚ್ಚು.

ಹೋದವರೆಲ್ಲ ಜೀವಂತವಾಗಿ ಮರಳಿದ ಊರುಗಳೂ ಇದ್ದವು. 1930ರ ದಶಕದಲ್ಲಿ ಲೇಖಕ ಆರ್ಥರ್ ಮೀ ಅವಕ್ಕೆ ‘ಧನ್ಯ ಹಳ್ಳಿಗಳು’ ಎಂದು ಹೆಸರಿಟ್ಟ. ಸಾವಿರಾರು ಹಳ್ಳಿಗಳಿರುವ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವು ಐವತ್ತು ದಾಟಿದ್ದು ಕಷ್ಟದಿಂದ. ಸಾವು ಎಷ್ಟು ಊರುಗಳ ಬಾಗಿಲು ಬಡಿಯಿತು ಎಂಬುದಕ್ಕೆ ಇಷ್ಟೇ ಸಾಕು.

ನಮ್ಮ ಹಳ್ಳಿಗಳಲ್ಲಿ

ಅದೇ ಯುದ್ಧಕ್ಕೆ ಭಾರತದಿಂದ 13 ಲಕ್ಷದಷ್ಟು ಜನ ಹೋದರು. ಸುಮಾರು 74,000 ಜನ ಮರಳಲಿಲ್ಲ. ಯೋಧರನ್ನು ಕಳಿಸಿದ ಅನೇಕ ಹಳ್ಳಿಗಳಲ್ಲಿ ಬ್ರಿಟಿಷ್ ಸರ್ಕಾರ ಕಲ್ಲಿನ ಫಲಕ ಹಾಕಿಸಿತು. ಈ ಊರಿನಿಂದ ಇಂತಿಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಂತಿಷ್ಟು ಜನ ಪ್ರಾಣ ಕೊಟ್ಟರು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಲೆಕ್ಕ ಇದೆ, ಹೆಸರಿಲ್ಲ. ಇಂಗ್ಲೆಂಡಿನ ಹಳ್ಳಿ ತನ್ನ ಮಕ್ಕಳ ಹೆಸರನ್ನು ತಾನೇ ಬರೆಸಿತು. ನಮ್ಮ ಹಳ್ಳಿಗೆ ಮೇಲಿನವರು ಸಂಖ್ಯೆಯನ್ನು ಕಳಿಸಿದರು.

ಹೆಸರಿಲ್ಲದ ಲೆಕ್ಕ ನಮ್ಮ ಪದ್ಧತಿಯಾಗಿರಲಿಲ್ಲ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನ ಊರುಗಳು ವೀರಗಲ್ಲು ನೆಟ್ಟಿದ್ದವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬರಹವಿರುವ ಕಲ್ಲುಗಳಲ್ಲಿ ತುರು ಕಾಯಲು ಹೋಗಿ ಸತ್ತ ಸಾಮಾನ್ಯನ ಹೆಸರೂ ಸಿಗುತ್ತದೆ. ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟ ವಿವರವೂ ಎಷ್ಟೋ ಕಡೆ ಇದೆ. ನೆನಪಿನ ಜೊತೆಗೆ ಬದುಕುಳಿದವರ ಅನ್ನದ ಹೊಣೆಯನ್ನೂ ಹೊತ್ತ ಪದ್ಧತಿ ಇದು. ಈ ಒಂದು ವಿಷಯದಲ್ಲಿ ಅದು ಇಂಗ್ಲೆಂಡಿನ ಶಿಲುಬೆಗಿಂತ ಒಂದು ಹೆಜ್ಜೆ ಮುಂದಿತ್ತು.

ಈ ಪರಂಪರೆಯನ್ನು ಮುಂದುವರಿಸುವುದು ಕಷ್ಟವೇನಲ್ಲ. ಎರಡೂ ಮಹಾಯುದ್ಧಗಳಲ್ಲಿ ಮಡಿದ ಭಾರತೀಯರ ಹೆಸರುಗಳು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿವೆ. ಹಲವರ ಹೆಸರಿನ ಮುಂದೆ ತಂದೆಯ ಹೆಸರೂ ಊರೂ ಇದೆ. 1962, 1965, 1971, 1999ರ ಯುದ್ಧಗಳಲ್ಲಿ ಮಡಿದವರ ಮನೆಯವರು ನಮ್ಮ ನಡುವೆಯೇ ಇದ್ದಾರೆ. ನಿಮ್ಮ ಊರಿನಿಂದ ಸೈನ್ಯಕ್ಕೆ ಹೋಗಿ ಮರಳದವರು ಯಾರು ಎಂದು ಹಿರಿಯರನ್ನು ಕೇಳಿ. ಹೆಸರುಗಳನ್ನು ಬರೆದಿಡಿ. ಪಂಚಾಯಿತಿಯ ಗೋಡೆಯ ಮೇಲೋ ಶಾಲೆಯ ಅಂಗಳದಲ್ಲೋ ಕೆತ್ತಿಸಿ, ವರ್ಷಕ್ಕೊಮ್ಮೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿ.