ಸಿನಿಮಾ ಹೆಂಗೈತೆ ಮಾವ?

ಶುಕ್ರವಾರ ಬಂತೆಂದರೆ ನನ್ನ ಅಂಗಡಿಗೆ ಬರುವ ಗಿರಾಕಿಗಳು ಮೋಟರಿನ ಮಾತಿಗಿಂತ ಮೊದಲು ಸಿನಿಮಾದ ಮಾತು ತೆಗೆಯುತ್ತಾರೆ. ‘ಹೊಸದು ಹೆಂಗೈತಂತೆ? ಮನೆಯವರನ್ನೆಲ್ಲ ಕರ್ಕೊಂಡ್ ಹೋಗ್ಬೌದಾ?’ ಬೋರ್‌ವೆಲ್ ಮೋಟರುಗಳ ಕಾಯಿಲ್ ಸುತ್ತುವುದು ನನ್ನ ಕಸುಬು. ಸಿನಿಮಾ ನೋಡುವುದು ಚಟ. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಬಂದರೆ ಸಿಗುವ ಗೂಳೂರು ನಮ್ಮೂರು. ಕೆರೆಯ ಮಣ್ಣಲ್ಲಿ ಮಾಡುವ ದೊಡ್ಡ ಗಣಪನಿಂದ ಹೆಸರಾದ ಊರು. ಊರಲ್ಲಿ ಟಾಕೀಸಿಲ್ಲ, ತುಮಕೂರಿಗೇ ಹೋಗಬೇಕು. ಹೋಗಿ ಬಂದವನು ವರದಿ ಒಪ್ಪಿಸದಿದ್ದರೆ ಜನ ಬಿಡುವುದಿಲ್ಲ.

ಈ ಚಟಕ್ಕೆ ನಮ್ಮ ಸೀಮೆಯ ಗಾಳಿಯೂ ಕಾರಣವಿರಬೇಕು. ಪಕ್ಕದ ಗುಬ್ಬಿಯ ವೀರಣ್ಣನವರು ನಾಟಕ ಕಂಪನಿ ಕಟ್ಟಿದ್ದಷ್ಟೇ ಅಲ್ಲ, 1954ರ ‘ಬೇಡರ ಕಣ್ಣಪ್ಪ’ದ ನಿರ್ಮಾಣದಲ್ಲೂ ಇದ್ದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಅದು. ನಮ್ಮ ತಿಪಟೂರಿನ ನರಸಿಂಹರಾಜು ಕೂಡ ಅದರಲ್ಲೇ ತೆರೆಗೆ ಬಂದರು. ಇದನ್ನೆಲ್ಲ ನಮ್ಮಪ್ಪ ನನ್ನನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಟಾಕೀಸಿಗೆ ಹೋಗುವಾಗ ಹೇಳುತ್ತಿದ್ದ. ಈಗ ನನ್ನ ಬೈಕಿನ ಹಿಂದೆ ಕೂರುವವನು ನನ್ನ ತಂಗಿಯ ಮಗ.

ಅವನ ವಿಷಯ ಹೇಳದೆ ನನ್ನ ಸಿನಿಮಾ ಅಭಿಪ್ರಾಯ ಹೇಳಲಾರೆ. 2021ರಲ್ಲಿ ಕೊರೊನಾ ಎರಡನೇ ಅಲೆಯಲ್ಲಿ ಭಾವ ತೀರಿಕೊಂಡರು. ತಂಗಿ, ಒಂಬತ್ತು ವರ್ಷದ ಹುಡುಗನನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. ಹುಡುಗ ಅಳಲಿಲ್ಲ. ಊಟ ಮಾಡುತ್ತಿದ್ದ, ಶಾಲೆಗೆ ಹೋಗುತ್ತಿದ್ದ, ಕೇಳಿದ್ದಕ್ಕೆ ‘ಹೂಂ’ ಅನ್ನುತ್ತಿದ್ದ. ಅವನಿಗೆ ನೋವಾಗದಿರಲಿ ಎಂದು ನಾವೆಲ್ಲ ಭಾವನ ಹೆಸರು ಎತ್ತುವುದನ್ನೇ ಬಿಟ್ಟೆವು. ಅಮ್ಮ ಫೋಟೋವನ್ನು ಒಳಕೋಣೆಗೆ ಹಾಕಿದಳು. ಭಾವನ ಫೋನು ಬೀರುವಿನೊಳಗೆ ಸೀರೆಗಳ ಅಡಿ ಸೇರಿತು.

ನಾಯಿ ಅಳಿಸಿತು

ಅವನ ಜೊತೆ ನೋಡಿದ ಮೊದಲ ಚಿತ್ರ ‘777 ಚಾರ್ಲಿ’, 2022ರ ಜೂನ್‌ನಲ್ಲಿ. ನಾಯಿ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದೆ. ಬಾಲ್ಯದಲ್ಲೇ ಮನೆಯವರನ್ನೆಲ್ಲ ಕಳೆದುಕೊಂಡು ಯಾರೊಂದಿಗೂ ಸೇರದೆ ಬದುಕುವ ಧರ್ಮನ ಕಥೆ ಅದೆಂದು ಗೊತ್ತಿದ್ದರೆ ಹೋಗುತ್ತಲೇ ಇರಲಿಲ್ಲವೇನೋ. ಕಾಯಿಲೆ ಬಿದ್ದ ಚಾರ್ಲಿಗೆ ಹಿಮ ತೋರಿಸಲು ಧರ್ಮ ಹೊರಟಾಗ ನನ್ನ ಪಕ್ಕದಲ್ಲಿ ಬಿಕ್ಕುವ ಸದ್ದು ಕೇಳಿತು. ಒಂದು ವರ್ಷದಿಂದ ಅಳದ ಹುಡುಗ ನನ್ನ ಅಂಗಿಯ ತೋಳು ಒದ್ದೆ ಮಾಡಿದ್ದ. ಸುತ್ತ ಎಲ್ಲರೂ ಅಳುತ್ತಿದ್ದರಿಂದ ಯಾರೂ ಅವನನ್ನು ನೋಡಲಿಲ್ಲ. ಅದೇ ಅವನಿಗೆ ಅನುಕೂಲವಾಯಿತು ಎಂದು ನನ್ನ ಭಾವನೆ.

ಚಿತ್ರಕ್ಕೆ ಬಂದರೆ, ಕಿರಣ್‌ರಾಜ್ ಅವರ ಈ ಚಿತ್ರ ಸ್ವಲ್ಪ ಉದ್ದವಾಯಿತು; ಪ್ರಯಾಣದ ಭಾಗದಲ್ಲಿ ಕಾಲು ಗಂಟೆ ಕತ್ತರಿಸಬಹುದಿತ್ತು. ಆದರೆ ಹಣದಾಸೆಗೆ ತಳಿ ಬೆಳೆಸುವವರು ನಾಯಿಗಳಿಗೆ ಮಾಡುವ ಅನ್ಯಾಯವನ್ನು ಮಕ್ಕಳಿಗೂ ಅರ್ಥವಾಗುವಂತೆ ಹೇಳಿದೆ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂದಾಗ ನಮ್ಮ ಹುಡುಗ ತನಗೇ ಬಂದಂತೆ ಅಂಗಡಿಗೆ ಓಡಿಬಂದು ಹೇಳಿದ್ದ.

ಅಬ್ಬರ ಮತ್ತು ಅಡವಿ

ಅದೇ ವರ್ಷದ ಏಪ್ರಿಲ್‌ನಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’ ಬಂದಿತ್ತು. ಶಿಳ್ಳೆ ಹೊಡೆದು ನೋಡಿದವರಲ್ಲಿ ನಾನೂ ಒಬ್ಬ, ಸುಳ್ಳು ಹೇಳುವುದಿಲ್ಲ. ಅದರ ಸಂಕಲನ ಮಾಡಿದ್ದು ಕಲಬುರಗಿಯ ಉಜ್ವಲ್ ಕುಲಕರ್ಣಿ, ಆಗ ಇಪ್ಪತ್ತರ ಆಸುಪಾಸಿನ ಹುಡುಗ ಎಂದು ತಿಳಿದಾಗ ಇನ್ನಷ್ಟು ಹೆಮ್ಮೆಯಾಯಿತು. ಆದರೆ ಹೊರಗೆ ಬಂದ ಮೇಲೆ ನೆನಪಲ್ಲಿ ಉಳಿದದ್ದು ಗುಂಡಿನ ಸದ್ದು. ಸತ್ತವರನ್ನು ಎಣಿಸಲು ಹೋದರೆ ಕೈಬೆರಳು ಸಾಲುವುದಿಲ್ಲ. ಒಂದು ಸಾವು ಒಂದು ಮನೆಯನ್ನು ಏನು ಮಾಡುತ್ತದೆಂದು ಕಂಡ ಮೇಲೆ ನನಗೆ ಆ ಲೆಕ್ಕ ಮೊದಲಿನಷ್ಟು ರುಚಿಸುತ್ತಿಲ್ಲ.

‘ಕಾಂತಾರ’ಕ್ಕೆ ಇಡೀ ಮನೆ ಹೋಗಿತ್ತು. ಕಾರ್ತಿಕ ಮಾಸದ ರಾತ್ರಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನೋಡಿ ಬೆಳೆದ ಅಮ್ಮನಿಗೆ ಕೊನೆಯ ಇಪ್ಪತ್ತು ನಿಮಿಷ ಸಿನಿಮಾ ಅನ್ನಿಸಲೇ ಇಲ್ಲ. ಕುರ್ಚಿಯಲ್ಲೇ ಕೈಮುಗಿದು ಕೂತಿದ್ದಳು. ರಿಷಬ್ ಶೆಟ್ಟಿ ಅವರಿಗೆ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ. ಅರಣ್ಯ ಇಲಾಖೆ, ಊರಿನ ಧಣಿ, ಕಾಡನ್ನೇ ನಂಬಿದ ಜನ, ಈ ಮೂವರ ನಡುವೆ ಭೂಮಿ ಯಾರದ್ದೆಂಬ ಜಗಳವನ್ನು ದೈವದ ಕಥೆಯೊಳಗೆ ಹೆಣೆದದ್ದು ನನಗೆ ಹಿಡಿಸಿತು.

ಒಂದು ಮುಳ್ಳು ಮಾತ್ರ ಚುಚ್ಚಿತು. ನಾಯಕ, ನಾಯಕಿಯ ಸೊಂಟ ಚಿವುಟಿದಾಗ ಟಾಕೀಸೆಲ್ಲ ನಕ್ಕಿತು. ಬರುವ ದಾರಿಯಲ್ಲಿ ಹುಡುಗ, ‘ಮಾವ, ಸ್ಕೂಲಲ್ಲಿ ಹಂಗೆ ಮಾಡಿದ್ರೆ ಹೆಡ್‌ಮಿಸ್ಸು ಟಿ.ಸಿ. ಕೊಟ್ಟು ಕಳಿಸ್ತಾರೆ’ ಅಂದ. ‘ಕಳಿಸಬೇಕಾದ್ದೇ’ ಅಂದೆ. 2025ರ ಅಕ್ಟೋಬರ್‌ನಲ್ಲಿ ಬಂದ ‘ಕಾಂತಾರ: ಚಾಪ್ಟರ್ 1’ ಕದಂಬರ ಕಾಲಕ್ಕೆ ಹೋಗುತ್ತದೆ. ಕಣ್ಣಿಗೆ ಹಬ್ಬ, ಆದರೆ ಮೊದಲನೆಯದರ ಮಣ್ಣಿನ ವಾಸನೆ ಅದರಲ್ಲಿ ಕಡಿಮೆ.

ತೇಜಸ್ವಿ ಕೊಟ್ಟ ಕ್ರಿಕೆಟ್ ಮ್ಯಾಚು

ಈ ಕೆಲವು ವರ್ಷಗಳಲ್ಲಿ ಮಕ್ಕಳಿಗೆ ತೋರಿಸಲೇಬೇಕಾದ ಒಂದೇ ಚಿತ್ರ ಹೇಳು ಎಂದರೆ ನಾನು ‘ಡೇರ್‌ಡೆವಿಲ್ ಮುಸ್ತಾಫಾ’ ಅನ್ನುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಶಶಾಂಕ್ ಸೋಗಾಲ್ ಸಿನಿಮಾ ಮಾಡಲು ಹೊರಟಾಗ ಹಣ ಹಾಕಿದ್ದು ತೇಜಸ್ವಿಯ ಓದುಗರೇ, ಸುಮಾರು ನೂರು ಮಂದಿ. 2023ರ ಮೇನಲ್ಲಿ ಬಂತು. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಉಳಿದವರಿಗೆ ಅವನ ಬಗ್ಗೆ ಏನೂ ಗೊತ್ತಿಲ್ಲ, ಆದ್ದರಿಂದಲೇ ಭಯ. ಭಯದಿಂದ ಜಗಳ, ಜಗಳದಿಂದ ಕ್ರಿಕೆಟ್ ಮೈದಾನಕ್ಕೆ ಕಥೆ ಬರುತ್ತದೆ. ಎಲ್ಲೂ ಯಾರೂ ಭಾಷಣ ಬಿಗಿಯುವುದಿಲ್ಲ. ನಮ್ಮೂರ ಗಣಪನ ಹಬ್ಬಕ್ಕೆ ಎಲ್ಲ ಕೋಮಿನವರೂ ಕೈ ಹಾಕುತ್ತಾರೆ. ಹಾಗೆ ಬದುಕುವವರಿಗೆ ಈ ಚಿತ್ರ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ, ಆದರೂ ಮರೆಯದಂತೆ ನೆನಪಿಸುತ್ತದೆ. ಚಿತ್ರ ನೋಡಿದ ಮೇಲೆ ಹುಡುಗ ಲೈಬ್ರರಿಯಿಂದ ತೇಜಸ್ವಿಯವರ ಪುಸ್ತಕ ತಂದ. ಸಿನಿಮಾದಿಂದ ಪುಸ್ತಕಕ್ಕೆ ಹೋದದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಅಮ್ಮನ ನಗು, ತಂಗಿಯ ಮೌನ

ಹಾಸ್ಯಕ್ಕೆ ನನ್ನ ಮತ ‘ಸು ಫ್ರಮ್ ಸೋ’ಗೆ. 2025ರ ಜುಲೈನಲ್ಲಿ ಬಂದಾಗ ದೊಡ್ಡ ಹೀರೋ ಇಲ್ಲ, ಪ್ರಚಾರವಿಲ್ಲ. ನೋಡಿದವರು ಬಾಯಿಂದ ಬಾಯಿಗೆ ಹೇಳಿಯೇ ಟಾಕೀಸು ತುಂಬಿತು. ದೆವ್ವ ಹಿಡಿದವನಂತೆ ನಟಿಸಲು ಹೋಗಿ ಸಿಕ್ಕಿಕೊಳ್ಳುವ ಹುಡುಗ, ಅದನ್ನು ನಂಬುವ ಊರು. ಬರೆದು ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ಮಾಡಿದವರು ಜೆ.ಪಿ. ತುಮಿನಾಡು. ಕರಾವಳಿ ಕನ್ನಡ ಅಮ್ಮನಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ನಮ್ಮೂರಲ್ಲೂ ಇಂಥವ್ರು ಅವ್ರೆ, ಹೆಸರು ಹೇಳಲ್ಲ’ ಎಂದು ಬಸ್ಸಿನಲ್ಲಿ ಶುರು ಮಾಡಿದವಳು ಮನೆ ಮುಟ್ಟುವಷ್ಟರಲ್ಲಿ ಎಲ್ಲರ ಹೆಸರನ್ನೂ ಹೇಳಿಯಾಗಿತ್ತು.

ಪ್ರೇಮಕಥೆಯಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗಕ್ಕೆ ತಂಗಿಯನ್ನು ಒತ್ತಾಯ ಮಾಡಿ ಕಳಿಸಿದ್ದೆ. ಹೇಮಂತ್ ರಾವ್ ನಿಧಾನವಾಗಿ ಕಥೆ ಹೇಳುತ್ತಾರೆ, ರುಕ್ಮಿಣಿ ವಸಂತ್ ಕಣ್ಣಲ್ಲೇ ಮಾತಾಡುತ್ತಾರೆ. ಜೈಲಿನ ಗೋಡೆಯ ಆಚೆಈಚೆ ಇರುವ ಇಬ್ಬರ ಕಾಯುವಿಕೆ ಅದು. ಎರಡನೇ ಭಾಗದಲ್ಲಿ ಹೊಡೆದಾಟ ಹೆಚ್ಚಾಗಿ ನನಗೆ ಆ ನಿಧಾನದ ರುಚಿ ಕೆಟ್ಟಿತು. ತಂಗಿ ಮನೆಗೆ ಬಂದು ಏನೂ ಹೇಳಲಿಲ್ಲ. ಮುದ್ದೆ ತೊಳಸುತ್ತಾ, ‘ಚೆನ್ನಾಗೈತೆ ಅಣ್ಣ, ಇನ್ನೊಂದ್ಸಲ ನೋಡಲ್ಲ’ ಅಂದಳು ಅಷ್ಟೆ. ನಾನೂ ಕೇಳಲು ಹೋಗಲಿಲ್ಲ.

ಅಡುಗೆಮನೆಯ ರಹಸ್ಯ

ಥ್ರಿಲ್ಲರ್ ಪ್ರಿಯರು ‘ಶಾಖಾಹಾರಿ’ ಬಿಡಬೇಡಿ. 2024ರ ಫೆಬ್ರವರಿಯಲ್ಲಿ ಬಂದು ಸದ್ದಿಲ್ಲದೆ ಹೋದ ಚಿತ್ರ. ಮಲೆನಾಡಿನ ಸಣ್ಣ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು ನಟಿಸಿದ್ದಾರೆ. ರಘು ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನವರು, ಅದಕ್ಕೇ ಹೊಗಳುತ್ತೇನೆ ಎಂದು ಗೆಳೆಯರು ಕಾಲೆಳೆಯುತ್ತಾರೆ. ಎಳೆಯಲಿ. ಇಷ್ಟು ವರ್ಷ ನಗಿಸುವುದಕ್ಕೇ ಹೆಚ್ಚು ಬಳಸಿಕೊಂಡ ನಟನೊಬ್ಬ ಒಲೆಯ ಮುಂದೆ ಸುಮ್ಮನೆ ನಿಂತು ಹೆದರಿಸಬಲ್ಲ ಎಂಬುದನ್ನು ನೋಡಿಯೇ ನಂಬಬೇಕು. ಚಿಕ್ಕ ಮಕ್ಕಳಿಗೆ ಬೇಡ.

ಸಣ್ಣ ಚಿತ್ರಗಳಲ್ಲಿ ಇನ್ನೆರಡು. ‘ಶಿವಮ್ಮ’ದಲ್ಲಿ ಕೊಪ್ಪಳ ಸೀಮೆಯ ಶಾಲೆಯೊಂದರ ಬಿಸಿಯೂಟದ ಅಡುಗೆಯವಳು ಬೇಗ ದುಡ್ಡು ಮಾಡಲು ಚೈನ್ ವ್ಯಾಪಾರಕ್ಕೆ ಇಳಿಯುತ್ತಾಳೆ. ಅಂಥ ಡಬ್ಬಿಗಳನ್ನು ಮಾರಲು ಬಂದವರನ್ನು ನಾವೂ ಕಂಡವರೇ. ‘ಫೋಟೋ’ದಲ್ಲಿ ರಾಯಚೂರು ಕಡೆಯ ಪುಟ್ಟ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ದುಡಿಯುವ ಬೆಂಗಳೂರಿಗೆ ಬಂದರೆ ಲಾಕ್‌ಡೌನ್. ಊರ ಕಡೆ ನಡೆಯುವ ಆ ಅಪ್ಪ-ಮಗನನ್ನು ನೋಡುವುದು ಕಷ್ಟ. ಆದರೆ ಆ ದಿನಗಳನ್ನು ಮರೆಯುವುದು ಇನ್ನೂ ದೊಡ್ಡ ತಪ್ಪು.

ಬೀರುವಿನೊಳಗಿನ ಫೋನು

ಕೊನೆಗೆ ‘ಮಿಥ್ಯ’. ಸುಮಂತ್ ಭಟ್ ನಿರ್ದೇಶನದ ಈ ಚಿತ್ರ 2025ರ ಮಾರ್ಚ್‌ನಲ್ಲಿ ಬಂತು. ಟಾಕೀಸಿನಲ್ಲಿ ತಪ್ಪಿಸಿಕೊಂಡು ಆಮೇಲೆ ಮನೆಯಲ್ಲೇ ನೋಡಿದೆವು. ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈನಿಂದ ಉಡುಪಿಯ ಚಿಕ್ಕಮ್ಮ-ಚಿಕ್ಕಪ್ಪನ ಮನೆಗೆ ಬರುತ್ತಾನೆ. ಆತಿಶ್ ಶೆಟ್ಟಿ ಎಂಬ ಬಾಲಕ ಆ ಪಾತ್ರವನ್ನು ಹೊತ್ತಿದ್ದಾನೆ. ದೊಡ್ಡವರು ಅವನ ಮುಂದೆಯೇ ಅವನ ಬದುಕನ್ನು ಚರ್ಚಿಸುತ್ತಾರೆ. ನೆಂಟರಲ್ಲಿ ಜಗಳವಾಗುತ್ತದೆ. ಹುಡುಗನ ಮನಸ್ಸಿನಲ್ಲಿ ಏನಿದೆಯೆಂದು ಕೇಳುವವರೇ ಕಡಿಮೆ.

ನಡುವೆ ನಾನು ಎರಡು ಸಲ ರಿಮೋಟು ಕೈಗೆತ್ತಿಕೊಂಡೆ. ಹದಿಮೂರರ ನಮ್ಮ ಹುಡುಗ, ‘ಇರ್ಲಿ ಮಾವ’ ಅಂದ. ಚಿತ್ರ ಮುಗಿದ ಮೇಲೆ ಎದ್ದು ನೀರು ಕುಡಿದು ಬಂದು ಕೇಳಿದ: ‘ಅಪ್ಪನ ಫೋನು ಬೀರುನಲ್ಲಿ ಐತಲ್ಲ, ಅದು ಆನ್ ಆಗ್ತದಾ?’

ಫೋನು ಎಲ್ಲಿದೆಯೆಂದು ಅವನಿಗೆ ಇಷ್ಟು ವರ್ಷವೂ ಗೊತ್ತಿತ್ತು. ನಾವು ಹೆಸರು ಎತ್ತುವುದಿಲ್ಲವೆಂದು ಅವನೂ ಎತ್ತಿರಲಿಲ್ಲ. ನಾವು ಅವನನ್ನು ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು. ಅವನು ನಮ್ಮನ್ನು ಕಾಯುತ್ತಿದ್ದ.

ತಂಗಿ ಫೋನು ತಂದು ಚಾರ್ಜಿಗಿಟ್ಟಳು. ಅರ್ಧ ಗಂಟೆಗೆ ಜೀವ ಬಂತು. ಅದರಲ್ಲಿ ಗೂಳೂರು ಗಣಪನ ಮುಂದೆ ಅಪ್ಪ-ಮಗ ನಿಂತ ಫೋಟೋ ಇತ್ತು, ಹುಡುಗನಿಗೆ ಮಗ್ಗಿ ಹೇಳಿಕೊಡುವ ವಿಡಿಯೊ ಇತ್ತು. ಹದಿಮೂರರ ಮಗ್ಗಿಯಲ್ಲಿ ಭಾವನೇ ತಪ್ಪಿದ್ದರು. ನಾಲ್ಕು ವರ್ಷದ ಮೇಲೆ ನಮ್ಮ ಮನೆಯಲ್ಲಿ ಅವರ ದನಿ ಕೇಳಿ ಮೊದಲು ನಕ್ಕವನು ಹುಡುಗನೇ. ಒಳಕೋಣೆಯ ಫೋಟೋ ಮರುದಿನ ಹಜಾರಕ್ಕೆ ಬಂತು.

ಸಿನಿಮಾ ಎಲ್ಲರ ಮನೆಯಲ್ಲೂ ಹೀಗೆ ಮಾಡುತ್ತದೆಂದು ನಾನು ಹೇಳುವುದಿಲ್ಲ. ಆದರೆ ಮಕ್ಕಳ ಜೊತೆ ಕೂತು ನೋಡಿ, ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತಿರಿ, ಅವರು ಏನಾದರೂ ಹೇಳಬಹುದು ಎಂದಷ್ಟು ಹೇಳಬಲ್ಲೆ. ಟಿಕೆಟ್ ಕೊಳ್ಳುವ ಮುಂಚೆ ಸೆನ್ಸಾರ್ ಪ್ರಮಾಣಪತ್ರವನ್ನೂ ನೋಡಿ. ಈಗ ‘ಯು/ಎ’ಯಲ್ಲೇ 7+, 13+, 16+ ಎಂದು ವಯಸ್ಸಿನ ಮೂರು ವಿಭಾಗಗಳಿವೆ. ಯಾವುದು ಯಾವ ವಯಸ್ಸಿನ ಮಕ್ಕಳಿಗೆ ಎಂದು ತೀರ್ಮಾನಿಸಲು ಅಪ್ಪ-ಅಮ್ಮಂದಿರಿಗೆ ಇದು ನೆರವಾಗುತ್ತದೆ.

ದರದ ಮಾತು ಬೇರೆಯೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನ ಮಲ್ಟಿಪ್ಲೆಕ್ಸಿಗೆ ಹೋಗಿ ಪಾಪ್‌ಕಾರ್ನ್ ತಿಂದು ಬಂದರೆ ಒಂದು ಮೋಟರ್ ರಿಪೇರಿಯ ಕೂಲಿ ಹೋಯಿತು. ಅದಕ್ಕೇ ನಾವು ಒಂಟಿ ಪರದೆಯ ಟಾಕೀಸಿಗೇ ಹೋಗುವುದು. ಅಮ್ಮ ಸೆರಗಿನಲ್ಲಿ ಕಟ್ಟಿ ತರುವ ಕಡಲೆಕಾಯಿಯೇ ಪಾಪ್‌ಕಾರ್ನ್.

ಈಗ ಅಂಗಡಿಯಲ್ಲಿ ಗಿರಾಕಿಗಳು ‘ಹೆಂಗೈತೆ?’ ಎಂದರೆ ನಾನು ಬಾಯಿ ತೆಗೆಯುವ ಮೊದಲೇ ಹುಡುಗ ಉತ್ತರ ಕೊಡುತ್ತಾನೆ. ನನಗಿಂತ ಖಡಕ್ಕು. ನಾನು ಹತ್ತಕ್ಕೆ ಏಳು ಕೊಟ್ಟರೆ ಅವನು ಐದಕ್ಕೆ ಇಳಿಸುತ್ತಾನೆ. ಮೊನ್ನೆಯೂ ಜಗಳವಾಯಿತು. ಈ ಶುಕ್ರವಾರದ ಚಿತ್ರ ಆರಿಸುವ ಸರದಿ ಅವನದಂತೆ.